ಡ್ರಮ್ಮಿನ ಮುಖಚಿತ್ರ: 5 ಪೌಂಡ್‌ನಿಂದ 21 ಲಕ್ಷ ಡಾಲರ್‌ವರೆಗೆ

ಪಾಶ್ಚಾತ್ಯ ವಾದ್ಯವೃಂದದ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರ ಕಣ್ಣಿಗೆ ಮೊದಲು ಬೀಳುವುದು ವೇದಿಕೆಯ ನಡುವೆ ಇರುವ ದೊಡ್ಡ ಬಾಸ್ ಡ್ರಮ್. ಅದರ ಮುಂಭಾಗದ ಹೊದಿಕೆಯ ಮೇಲೆ ತಂಡದ ಹೆಸರನ್ನೋ ಲಾಂಛನವನ್ನೋ ಬರೆಸುವುದು ಹಳೆಯ ವಾಡಿಕೆ. ಇದು ಕೇವಲ ಅಲಂಕಾರವೇ? ನಾದಕ್ಕೂ ಇದಕ್ಕೂ ಸಂಬಂಧವಿಲ್ಲವೇ?

1920ರ ದಶಕದ ಜಾಜ್ ತಂಡಗಳು ಕರುವಿನ ಚರ್ಮದ ಹೊದಿಕೆಯ ಮೇಲೆ ಪ್ರಕೃತಿ ದೃಶ್ಯಗಳನ್ನು ಬರೆಸುತ್ತಿದ್ದವು. ತೇವಕ್ಕೆ ಚರ್ಮ ಸಡಿಲವಾಗುತ್ತದೆ. ಆದ್ದರಿಂದ ಡ್ರಮ್ಮಿನೊಳಗೆ ವಿದ್ಯುದ್ದೀಪ ಇಡುವ ಪದ್ಧತಿ ಬಂದಿತು. ಶಾಖದಿಂದ ಚರ್ಮ ಬಿಗಿಯಾಗಿ ಉಳಿಯುತ್ತಿತ್ತು. ಬೆಳಕಿನಿಂದ ಚಿತ್ರವೂ ಕಳೆಗಟ್ಟುತ್ತಿತ್ತು. 1950ರ ದಶಕದ ಉತ್ತರಾರ್ಧದಲ್ಲಿ ಪಾಲಿಯೆಸ್ಟರ್ ಹಾಳೆಯ ಹೊದಿಕೆಗಳು ಬಂದ ಮೇಲೆ ತೇವದ ಕಾಟ ತಪ್ಪಿತು. ಚಿತ್ರ ಬರೆಸುವ ವಾಡಿಕೆ ಮಾತ್ರ ಉಳಿಯಿತು.

ಬೀಟಲ್ಸ್ ಲಾಂಛನದ ಕಥೆ

1963ರಲ್ಲಿ ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಹೊಸ ಲುಡ್ವಿಗ್ ಡ್ರಮ್‌ಗಾಗಿ ಲಂಡನ್ನಿನ 'ಡ್ರಮ್ ಸಿಟಿ' ಅಂಗಡಿಗೆ ಬಂದರು. ಮಾಲೀಕ ಐವರ್ ಆರ್ಬಿಟರ್ ಅಲ್ಲಿಯೇ ತಂಡದ ಹೆಸರನ್ನು ಗೀಚಿದರು: 'ಬಿ' ಅಕ್ಷರ ದೊಡ್ಡದು, 'ಟಿ' ಅಕ್ಷರದ ಕಾಲು ಕೆಳಕ್ಕೆ ಇಳಿಬಿದ್ದದ್ದು. ಅದನ್ನು ಹೊದಿಕೆಯ ಮೇಲೆ ಬರೆದವರು ಎಡ್ಡಿ ಸ್ಟೋಕ್ಸ್ ಎಂಬ ಫಲಕ ಬರಹಗಾರರು. ಈ ಕೆಲಸಕ್ಕೆ ಸಂದದ್ದು 5 ಪೌಂಡ್ ಎನ್ನಲಾಗುತ್ತದೆ.

1964ರ ಫೆಬ್ರುವರಿ 9ರಂದು ಎಡ್ ಸಲಿವನ್ ದೂರದರ್ಶನ ಕಾರ್ಯಕ್ರಮದಲ್ಲಿ ಬೀಟಲ್ಸ್ ತಂಡವನ್ನು ಸುಮಾರು 7.3 ಕೋಟಿ ಅಮೆರಿಕನ್ನರು ನೋಡಿದರು. ಲಾಂಛನ ಮನೆಮಾತಾಯಿತು. ಅದರ ಮೇಲ್ಭಾಗದಲ್ಲಿದ್ದ 'ಲುಡ್ವಿಗ್' ಎಂಬ ಹೆಸರೂ ಜನರ ಕಣ್ಣಿಗೆ ಬಿದ್ದು, ಆ ಡ್ರಮ್‌ಗಳಿಗೆ ಅಪಾರ ಬೇಡಿಕೆ ಕುದುರಿತು. ಆ ದಿನ ಬಳಸಿದ 20 ಅಂಗುಲದ ಹೊದಿಕೆ 2015ರ ಹರಾಜಿನಲ್ಲಿ 21 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. 1967ರ 'ಸಾರ್ಜೆಂಟ್ ಪೆಪ್ಪರ್ಸ್' ಧ್ವನಿಮುದ್ರಿಕೆಯ ಹೊದಿಕೆಗೆಂದು ಜೋ ಎಫ್‌ಗ್ರೇವ್ ಚಿತ್ರಿಸಿದ ಡ್ರಮ್ ಮುಖವು 2008ರಲ್ಲಿ 5 ಲಕ್ಷ ಪೌಂಡ್ ದಾಟಿತು.

ನಾದಕ್ಕೆ ಧಕ್ಕೆ ಬಾರದಂತೆ

ಬಾಸ್ ಡ್ರಮ್ಮಿಗೆ ಎರಡು ಮುಖಗಳು. ವಾದಕನ ಕಡೆಯ ಮುಖಕ್ಕೆ ಪೆಡಲಿನ ಪೆಟ್ಟು ಬೀಳುತ್ತದೆ. ಅಲ್ಲಿ ಬಣ್ಣ ನಿಲ್ಲದು. ಪ್ರೇಕ್ಷಕರ ಕಡೆಯ ಮುಖ ಅನುರಣನಕ್ಕೆ ಮಾತ್ರ. ಆದುದರಿಂದ ಚಿತ್ರಕ್ಕೆ ಅದೇ ತಕ್ಕ ಜಾಗ. ಆದರೆ ಕಂಪಿಸುವ ಹಾಳೆಯ ಮೇಲೆ ಭಾರ ಹೆಚ್ಚಿದಂತೆ ಶ್ರುತಿ ತಗ್ಗುತ್ತದೆ, ಅನುರಣನ ಕುಗ್ಗುತ್ತದೆ. ನಮ್ಮ ಮೃದಂಗದ ಬಲಮುಖದ ಕಪ್ಪು ಕರಣೆ ಅಲಂಕಾರವಲ್ಲ. ಲೆಕ್ಕಾಚಾರದಿಂದ ಹಚ್ಚಿದ ಭಾರವೇ ಅದರ ನಾದದ ಗುಟ್ಟು. ಡ್ರಮ್ಮಿನ ಮೇಲೆ ಲೆಕ್ಕವಿಲ್ಲದೆ ಬಣ್ಣ ಬಳಿದರೆ ಅದೇ ಭಾರ ತೊಡಕಾಗುತ್ತದೆ.

ಕೈಯಿಂದ ಬರೆಯುವವರು ಹೊದಿಕೆಯ ಜಿಡ್ಡನ್ನು ಒರೆಸಿ, ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಬೇಕು. ದಪ್ಪ ಬಣ್ಣ ಕಂಪನಕ್ಕೆ ಬಿರುಕು ಬಿಡುತ್ತದೆ. ವಿನೈಲ್ ಸ್ಟಿಕ್ಕರ್ ಅಗ್ಗ, ಕಿತ್ತು ಬದಲಿಸಲೂಬಹುದು; ಆದರೆ ಇಡೀ ಮುಖವನ್ನು ಮುಚ್ಚಿದರೆ ನಾದ ಮಂಕಾಗುತ್ತದೆ. ಹೊದಿಕೆಯ ಮೇಲೆಯೇ ಡಿಜಿಟಲ್ ಮುದ್ರಣ ಮಾಡಿಸಿದರೆ ಭಾರ ತೀರ ಕಡಿಮೆ. ಮೈಕ್ ಇಡಲು ರಂಧ್ರ ಬೇಕಿದ್ದರೆ ಅದರ ಜಾಗವನ್ನು ಚಿತ್ರಕ್ಕೆ ಮೊದಲೇ ಗುರುತಿಸಿಕೊಳ್ಳುವುದು ಲೇಸು.

ಲಕ್ಷಾಂತರ ಡಾಲರ್ ಬೆಲೆಯ ಆ ಅಕ್ಷರಗಳನ್ನು ಬರೆದ ಸ್ಟೋಕ್ಸ್ ಅವರ ಹೆಸರು ಇಂದು ಬಲ್ಲವರು ವಿರಳ. ತಂಡದ ಮುಖವನ್ನು ಬರೆಸುವವರು, ಬರೆದ ಕೈಯ ಹೆಸರನ್ನೂ ಒಂದು ಮೂಲೆಯಲ್ಲಿ ಉಳಿಸಿದರೆ ಅದಕ್ಕೆ ಭಾರವೇನೂ ಆಗದು.