ಸುದ್ದಿ ಒಯ್ಯುವ ನರಗಳು

ನಾವು ರೊಟ್ಟಿ ಬೇಯಿಸುತ್ತಿದ್ದೇವೆ. ಕಾದ ಹಂಚಿಗೆ ಬೆರಳು ತಗಲುತ್ತದೆ. ಚುರ್ ಅನ್ನುತ್ತೆ. ಯೋಚನೆ ಮಾಡೋದಕ್ಕೂ ಮೊದಲೇ ಕೈ ಹಿಂದಕ್ಕೆ ಬಂದಿರುತ್ತದೆ. ಇದು ಹೇಗೆ?

ಇದು ನರಗಳ ಕೆಲಸ. ನರ ನೋಡೋದಕ್ಕೆ ಬಿಳಿ ದಾರದ ಹಾಗಿರುತ್ತದೆ. ಆಸ್ಪತ್ರೆಯಲ್ಲಿ ರಕ್ತ ನೋಡುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದು ಹಗ್ಗದ ಹಾಗೆ. ಒಳಗೆ ಎಷ್ಟೋ ಎಳೆಗಳು. ಒಂದೊಂದು ಎಳೆಯೂ ಕೂದಲಿಗಿಂತ ತೆಳು.

ಕೆಲವು ಎಳೆಗಳು ಚರ್ಮದ ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುತ್ತವೆ. ಕೆಲವು ಅಲ್ಲಿಂದ ಅಪ್ಪಣೆ ತರುತ್ತವೆ. “ಕೈ ತೆಗೆ” ಅನ್ನೋದು ಆ ಅಪ್ಪಣೆ.

ಬಹಳ ಎಳೆಗಳಿಗೆ ಕೊಬ್ಬಿನ ಹೊದಿಕೆ ಇದೆ, ಕರೆಂಟ್ ವೈರಿಗೆ ಪ್ಲಾಸ್ಟಿಕ್ ಇದ್ದ ಹಾಗೆ. ಹೊದಿಕೆ ಇದ್ದರೆ ಸುದ್ದಿ ಬೇಗ ಓಡುತ್ತದೆ.

ಸುದ್ದಿ ನಿಂತರೆ? ಕುಷ್ಠರೋಗದಲ್ಲಿ ಹೀಗಾಗುತ್ತದೆ. ಆ ರೋಗದ ಕ್ರಿಮಿ ನರದೊಳಗೆ, ಎಳೆಯ ಸುತ್ತಲಿನ ಹೊದಿಕೆಯಲ್ಲೇ ಮನೆ ಮಾಡುತ್ತದೆ. ನರ ಕೆಡುತ್ತದೆ. ಆಗ ಕೈ ಸುಟ್ಟರೂ ತಿಳಿಯೋದಿಲ್ಲ. ಗಾಯ ದೊಡ್ಡದಾಗುತ್ತದೆ.

ಮೈಮೇಲೆ ತಿಳಿಬಣ್ಣದ ಇಲ್ಲವೇ ಕೆಂಪು ಮಚ್ಚೆ ಇದೆಯೇ? ಅಲ್ಲಿ ಮುಟ್ಟಿದರೆ ಗೊತ್ತಾಗೋದಿಲ್ಲವೇ? ನೋವಿಲ್ಲವಲ್ಲ ಅಂತ ಸುಮ್ಮನಿರಬಾರದು. ನಾಚಿ ಮುಚ್ಚಿಡಬಾರದು. ಇದು ಶಾಪವಲ್ಲ, ರೋಗ. ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸೋಣ. ಕುಷ್ಠರೋಗ ಅಂತ ತಿಳಿದರೆ ಅಲ್ಲಿ ಮಾತ್ರೆ ಉಚಿತ. 6 ಇಲ್ಲವೇ 12 ತಿಂಗಳು ತಪ್ಪದೆ ನುಂಗಿದರೆ ವಾಸಿಯಾಗುತ್ತದೆ. ತಡ ಮಾಡಿದರೆ ರೋಗ ಹೋದರೂ ಕೆಟ್ಟ ನರ ಸರಿಹೋಗದೆ ಉಳಿಯಬಹುದು.

ನೋವು ನಮ್ಮ ಶತ್ರುವಲ್ಲ. ಅದು ಮೈಯ ಕಾವಲುಗಾರ.