ಕೊನೆಗಾಲದ ಚಿಕಿತ್ಸೆ: ವಸಿಯ್ಯತ್‌ನಲ್ಲಿ ಇದೂ ಇರಲಿ

2025ರ ಜನವರಿ 30ರಂದು ರಾಜ್ಯ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ‘ಘನತೆಯಿಂದ ಸಾಯುವ ಹಕ್ಕು’ ಎಂದು ಸುದ್ದಿಯಾದದ್ದೇ ತಡ, ‘ಇನ್ನು ಇಂಜೆಕ್ಷನ್ ಕೊಟ್ಟು ಸಾಯಿಸ್ತಾರಂತೆ’ ಎಂದು ಅರ್ಥ ಮಾಡಿಕೊಂಡವರೇ ಹೆಚ್ಚು. ಹಾಗೇನೂ ಇಲ್ಲ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೂಡ ಇದು ದಯಾಮರಣವಲ್ಲ ಎಂದು ಆಗಲೇ ಸ್ಪಷ್ಟಪಡಿಸಿದ್ದರು.

ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ದೇಶಗಳು 2002ರಲ್ಲೇ ವೈದ್ಯರ ಕೈಯಿಂದ ಮರಣಕ್ಕೆ ಕಾನೂನು ಮಾಡಿದವು. ನಮ್ಮ ದೇಶದಲ್ಲಿ ಅದು ಇಂದಿಗೂ ಅಪರಾಧ. ಇಲ್ಲಿ ಅನುಮತಿ ಇರುವುದು ಒಂದಕ್ಕೇ: ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರ್‌ನಂತಹ ಜೀವರಕ್ಷಕ ಚಿಕಿತ್ಸೆ ಕೊಡದಿರುವುದು, ಅಥವಾ ಕೊಡುತ್ತಿದ್ದುದನ್ನು ನಿಲ್ಲಿಸುವುದು.

ಈ ದಾರಿ ತೆರೆದುಕೊಂಡದ್ದರ ಹಿಂದೆ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬಳ ಕಥೆಯಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅವರ ಮೇಲೆ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆ ಹಿಡಿದರು. ಅವರ ಸಾವಿಗೆ ಅನುಮತಿ ಕೋರಿದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಿರಸ್ಕರಿಸಿತು. ಆರೈಕೆ ಮಾಡುತ್ತಿದ್ದ ನರ್ಸ್‌ಗಳೇ ಅದನ್ನು ವಿರೋಧಿಸಿದ್ದರು. ಆದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಸಾಧ್ಯವಿದೆ ಎಂದು ಕೋರ್ಟ್ ಮೊದಲ ಬಾರಿ ಒಪ್ಪಿದ್ದು ಅದೇ ತೀರ್ಪಿನಲ್ಲಿ. 2018ರಲ್ಲಿ ಅದು ಹಕ್ಕಾಯಿತು, 2023ರಲ್ಲಿ ನಿಯಮಗಳು ಸರಳವಾದವು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು.

ಒಬ್ಬ ಡಾಕ್ಟರ್ ಅಥವಾ ಒಬ್ಬ ಮಗ ಹೇಳಿದ ಮಾತ್ರಕ್ಕೆ ಮೆಷಿನ್ ತೆಗೆಯುವಂತಿಲ್ಲ. ಚಿಕಿತ್ಸೆ ನೀಡುವ ವೈದ್ಯರ ಜೊತೆ ಇಬ್ಬರು ತಜ್ಞರ ಮೊದಲ ಮಂಡಳಿ ಒಪ್ಪಬೇಕು. ಬಳಿಕ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿಯೂ ಒಪ್ಪಬೇಕು. ಮನೆಯವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ನಮ್ಮ ದೀನ್ ಏನು ಹೇಳುತ್ತದೆ? ಜೀವ ಅಲ್ಲಾಹನ ಅಮಾನತ್. ಅದನ್ನು ತೆಗೆಯುವುದು, ತೆಗೆಯಲು ನೆರವಾಗುವುದು ಹರಾಮ್. ಆದರೆ ಮಿದುಳು ಪೂರ್ತಿ ನಿಂತು, ಮರಳಿ ಬಾರದೆಂದು ತಜ್ಞರು ಖಚಿತಪಡಿಸಿದರೆ, ಹೃದಯ ಯಂತ್ರದ ಬಲದಿಂದ ಬಡಿಯುತ್ತಿದ್ದರೂ ಆ ಯಂತ್ರ ತೆಗೆಯಬಹುದು ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1986ರಲ್ಲೇ ಅಮ್ಮಾನ್‌ನಲ್ಲಿ ತೀರ್ಮಾನಿಸಿತ್ತು. ಮಿದುಳು ಜೀವಂತವಿದ್ದು ಗುಣವಾಗದ ರೋಗಿಯ ವಿಷಯ ಬೇರೆ. ಅದಕ್ಕೆ ಡಾಕ್ಟರ್ ಮತ್ತು ಉಲಮಾಗಳು ಇಬ್ಬರನ್ನೂ ಕೇಳಿಯೇ ಮುಂದುವರಿಯಬೇಕು.

ಆದರೆ ಕೇಳುವುದು ಯಾವಾಗ? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ವ್ಯಾಪಾರಕ್ಕೆಂದು ಬಂದು ನೆಲೆಸಿದ ನಮ್ಮವರ ಸ್ಥಿತಿ ನೋಡಿ. ಒಬ್ಬ ಮಗ ಇಲ್ಲಿ, ಇನ್ನೊಬ್ಬ ಗಲ್ಫ್‌ನಲ್ಲಿ, ಮಗಳು ಮಂಗಳೂರಲ್ಲಿ. ಉಮ್ಮ ಐಸಿಯುನಲ್ಲಿ. ಮಧ್ಯರಾತ್ರಿ ಡಾಕ್ಟರ್ ‘ವೆಂಟಿಲೇಟರ್ ಹಾಕೋದಾ ಬೇಡ್ವಾ?’ ಎಂದು ಕೇಳಿದರೆ ಫೋನಿನಲ್ಲಿ ಮೂವರದ್ದೂ ಮೂರು ಮಾತು. ಬೇಡವೆಂದವನು ಉಮ್ಮನನ್ನು ಕೈಬಿಟ್ಟ ಎಂಬ ಮಾತು ಕೇಳಬೇಕು, ಹೌದೆಂದವನು ಸಾಲದ ದಾರಿ ಹುಡುಕಬೇಕು. ಉಮ್ಮನಿಗೆ ಏನು ಬೇಕಿತ್ತು ಅಂತ ಯಾರೂ ಕೇಳಿರುವುದಿಲ್ಲ.

ಸಾಲ, ಆಸ್ತಿಯ ಬಗ್ಗೆ ವಸಿಯ್ಯತ್ ಬರೆದಿಡುವ ರೂಢಿ ನಮ್ಮಲ್ಲಿದೆ. ಚಿಕಿತ್ಸೆಯ ಬಗ್ಗೆಯೂ ಹಾಗೇ ಬರೆದಿಡಬಹುದು. 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೇ ಆದರೂ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಮಾತಾಡಲಾಗದ ಸ್ಥಿತಿ ಬಂದಾಗ ತಮ್ಮ ಪರ ನಿರ್ಧರಿಸಬೇಕಾದವರ ಹೆಸರೂ ಅದರಲ್ಲಿರಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ‘ಎಲ್ಲ ಚಿಕಿತ್ಸೆಯೂ ಕೊಡಿಸಿ’ ಎಂಬ ಇಷ್ಟವಿದ್ದರೆ ಅದನ್ನೂ ಮಕ್ಕಳಿಗೆ ಹೇಳಿಡಬೇಕು.

ಒಂದು ಎಚ್ಚರಿಕೆ. ಯಂತ್ರ ತೆಗೆಯುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ನೋವು ಕಡಿಮೆ ಮಾಡುವ ಔಷಧ, ಶುಚಿ, ಪ್ರೀತಿ ಕೊನೆಯ ಉಸಿರಿನವರೆಗೂ ರೋಗಿಯ ಹಕ್ಕು. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಇಂತಹ ಆರೈಕೆ ಉಚಿತವಾಗಿ ಸಿಗುತ್ತದೆ. ಹಣವಿಲ್ಲದ ಕಾರಣಕ್ಕೆ ಒಬ್ಬರ ಚಿಕಿತ್ಸೆ ನಿಲ್ಲುವಂತಾದರೆ ಅದನ್ನು ಘನತೆಯ ಸಾವು ಎಂದು ಕರೆಯಲಾಗದು. ಅಲ್ಲಿ ಕೈಜೋಡಿಸಬೇಕಾದದ್ದು ಜಮಾಅತ್.

ಮರಣದ ಮಾತು ಮನೆಯಲ್ಲಿ ಅಪಶಕುನವಲ್ಲ. ಉಪ್ಪ, ಉಮ್ಮ ಆರೋಗ್ಯವಾಗಿರುವಾಗಲೇ ಅವರ ಪಕ್ಕ ಕುಳಿತು ಒಮ್ಮೆ ಕೇಳೋಣ.