ಕಪ್ಪನ್ನು ಹುಡುಕಿ ಹೋಗುವ ಬೆಳಕು

ಮದುವೆ ವಯಸ್ಸಿನ ಹುಡುಗಿಯ ಗದ್ದದಲ್ಲಿ ನಾಲ್ಕು ದಪ್ಪ ಕೂದಲು ಕಂಡರೆ ಮನೆಯವರಿಗೆಲ್ಲ ಚಿಂತೆ. ಅರಿಶಿನ, ಕಡಲೆಹಿಟ್ಟು, ಪಾರ್ಲರಿನ ಥ್ರೆಡಿಂಗ್ ಎಲ್ಲ ಮುಗಿದ ಮೇಲೆ ನ್ಯಾಮತಿಯಂತಹ ಸಣ್ಣ ಊರಿನವರು ಶಿವಮೊಗ್ಗಕ್ಕೋ ದಾವಣಗೆರೆಗೋ ಬಸ್ಸು ಹತ್ತಿ ಚರ್ಮದ ಡಾಕ್ಟರನ್ನು ಕಾಣಬೇಕು. ಅಲ್ಲಿ ಕಿವಿಗೆ ಬೀಳುವ ‘ಲೇಸರ್’ ಮೊದಲು ಪಳಗಿದ್ದು ಬಿಳಿಯರ ಚರ್ಮದ ಮೇಲೆ. ನಮ್ಮ ಮೈಬಣ್ಣಕ್ಕೆ ಒಗ್ಗಲು ಅದಕ್ಕೆ ಕಾಲ ಹಿಡಿಯಿತು.

ಅದಕ್ಕೂ ಹಿಂದೆ ಸೂಜಿಯ ಕಾಲವಿತ್ತು. 1875ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್, ಒಳಮುಖವಾಗಿ ಬೆಳೆದು ಕಣ್ಣು ಚುಚ್ಚುತ್ತಿದ್ದ ರೆಪ್ಪೆಕೂದಲಿನ ಬುಡಕ್ಕೆ ಸೂಜಿಯ ಮೂಲಕ ವಿದ್ಯುತ್ ಹಾಯಿಸಿದರು. 1896ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಎಕ್ಸ್‌ರೇ ಪ್ರಯೋಗಿಸಿದರು. ಕೂದಲೇನೋ ಉದುರಿತು. ಆದರೆ ಮುಂದೆ ಅಮೆರಿಕದ ಸಲೂನುಗಳಲ್ಲಿ ಎಕ್ಸ್‌ರೇಗೆ ಮುಖವೊಡ್ಡಿದ ಎಷ್ಟೋ ಹೆಂಗಸರನ್ನು ವರ್ಷಗಳ ನಂತರ ಚರ್ಮದ ಕ್ಯಾನ್ಸರ್ ಕಾಡಿತು. ಅಂದದ ಆಸೆಗೆ ಅವರು ತೆತ್ತ ಬೆಲೆ ಘೋರವಾದದ್ದು.

1960ರಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. ಅದನ್ನು ಕೂದಲಿನ ಬುಡಕ್ಕೆ ಗುರಿಯಿಡುವ ದಾರಿ ತೆರೆದದ್ದು 1983ರಲ್ಲಿ. ತಕ್ಕ ಬಣ್ಣದ ಬೆಳಕನ್ನು ಕ್ಷಣಾರ್ಧಕ್ಕಿಂತ ಕಡಿಮೆ ಹೊತ್ತು ಹಾಯಿಸಿದರೆ ಅದನ್ನು ಹೀರಿಕೊಂಡ ಭಾಗ ಮಾತ್ರ ಸುಡುತ್ತದೆ, ಸುತ್ತಲಿನದು ಉಳಿಯುತ್ತದೆ ಎಂದು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ತೋರಿಸಿಕೊಟ್ಟರು. 1996ರಲ್ಲಿ ಮೆಲನಿ ಗ್ರಾಸ್‌ಮನ್, ಆಂಡರ್ಸನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರಿನಿಂದ ಕೂದಲಿನ ಬುಡಕ್ಕೆ ಹಾನಿಯಾಗುವುದನ್ನು ಪ್ರಕಟಿಸಿದರು.

ತೊಡಕು ಇದ್ದದ್ದು ಬೆಳಕು ಹುಡುಕುವ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತುವಿನಲ್ಲೇ. ಕಂದು ಚರ್ಮದಲ್ಲಿ ಅದು ಕೂದಲಿನಲ್ಲೂ ಇದೆ, ಮೇಲ್ಪದರದಲ್ಲೂ ಇದೆ. ಮಾಣಿಕ್ಯದ ಲೇಸರಿನ 694 ನ್ಯಾನೋಮೀಟರ್ ತರಂಗಾಂತರದ ಬೆಳಕು ಬುಡ ಮುಟ್ಟುವ ಮೊದಲೇ ಚರ್ಮವನ್ನು ಸುಟ್ಟು ಬೊಬ್ಬೆ, ಕಲೆ ಎಬ್ಬಿಸುತ್ತಿತ್ತು. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಮೆಲನಿನ್‌ಗೆ ಅಷ್ಟಾಗಿ ಸಿಕ್ಕಿಬೀಳದೆ ಆಳಕ್ಕಿಳಿಯುತ್ತದೆ. ಜೊತೆಗೆ ಚರ್ಮವನ್ನು ತಣ್ಣಗಿಡುವ ವ್ಯವಸ್ಥೆಯೂ ಬಂತು. ಹೀಗೆ ಕಂದು ಮೈಯವರಿಗೂ ಬಾಗಿಲು ತೆರೆಯಿತು. ಭಾರತದ ಚರ್ಮವೈದ್ಯರ ಸಂಘ 2008ರಲ್ಲಿ ಈ ಚಿಕಿತ್ಸೆಗೊಂದು ಮಾರ್ಗಸೂಚಿಯನ್ನೂ ತಂದಿತು.

ಚಿಕಿತ್ಸೆಗೆ ಮುನ್ನ ಕೂದಲನ್ನು ಬುಡದಿಂದ ಕೀಳುವಂತಿಲ್ಲ, ಬೋಳಿಸಬೇಕು. ಕಣ್ಣಿಗೆ ಕಪ್ಪು ಕನ್ನಡಕ, ಗದ್ದಕ್ಕೆ ತಣ್ಣನೆಯ ಜೆಲ್. ಒಂದೊಂದು ಮಿಂಚಿಗೂ ರಬ್ಬರ್ ಬ್ಯಾಂಡ್ ಚಟ್ಟೆಂದು ಬಡಿದಂತಹ ಚುರುಕು, ಜೊತೆಗೆ ಕೂದಲು ಸುಟ್ಟ ಕಮಟು. ಬೆಳವಣಿಗೆಯ ಹಂತದಲ್ಲಿರುವ ಕೂದಲು ಮಾತ್ರ ಬೆಳಕಿಗೆ ಬಗ್ಗುವುದರಿಂದ ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಹೋಗಬೇಕು. ನೆರೆತ ಕೂದಲಿನಲ್ಲಿ ಮೆಲನಿನ್ ಇಲ್ಲದ್ದರಿಂದ ಅದಕ್ಕೆ ಈ ಚಿಕಿತ್ಸೆ ನಾಟುವುದಿಲ್ಲ. ಕೂದಲು ಬಹುಮಟ್ಟಿಗೆ ಕಡಿಮೆಯಾದೀತು, ಒಂದೂ ಉಳಿಯದೆಂಬ ಭರವಸೆ ಯಾರೂ ಕೊಡಬಾರದು.

ಹೆಣ್ಣುಮಕ್ಕಳಲ್ಲಿ ಗಡ್ಡ-ಮೀಸೆಯಂತಹ ಬೆಳವಣಿಗೆಗೆ ಬಹಳಷ್ಟು ಸಲ ಕಾರಣ ಪಿಸಿಒಎಸ್ ಎಂಬ ಹಾರ್ಮೋನಿನ ಏರುಪೇರು. ಒಳಗಿನ ಹಾರ್ಮೋನು ಹತೋಟಿಗೆ ಬಾರದಿದ್ದರೆ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಅದಕ್ಕೇ ತಿಳಿದ ವೈದ್ಯರು ಲೇಸರ್ ಕೈಗೆತ್ತಿಕೊಳ್ಳುವ ಮೊದಲು, ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತಿದೆಯೇ ಎಂದು ಕೇಳುತ್ತಾರೆ.